ಹುಳಗಳು ಕೊಟ್ಟ ಜ್ಞಾನ

ನಿದ್ದೆ ಬಾರದವನಿಗೆ ಅಹಂಕಾರ ಬೇಗ ಬರುತ್ತದೆ. ನನಗೆ ಎರಡೂ ಒಂದೇ ಮಳೆಗಾಲದಲ್ಲಿ ಆದವು.

ನಾವು ಮೂಡಬಿದಿರೆಯ ಜೈನರು. ಹೊತ್ತು ಮುಳುಗುವ ಮೊದಲೇ ಊಟ. ಹತ್ತು ಗಂಟೆಗೆ ಹೊಟ್ಟೆ ಖಾಲಿ, ಕಣ್ಣು ಅಗಲ. ಅದನ್ನು ಹಸಿವು ಎನ್ನಲು ಕುಲದ ಮರ್ಯಾದೆ ಬಿಡಲಿಲ್ಲ. ಅಜ್ಜನ ಪೆಟ್ಟಿಗೆಯಿಂದ ಧರ್ಮಗ್ರಂಥ ತೆಗೆದು ಚಿಮಿಣಿ ದೀಪದ ಮುಂದೆ ಕೂತೆ. ಮಲಗಿದವರೆಲ್ಲ ಸಂಸಾರಿಗಳು, ಎಚ್ಚರವಿದ್ದವನು ಸಾಧಕ ಎಂಬ ಅರ್ಥ ಮೂರನೆಯ ಪುಟದಲ್ಲೇ ಹೊಳೆಯಿತು. ಗ್ರಂಥದಲ್ಲಿ ಹಾಗೆ ಇರಲಿಲ್ಲ, ನಾನೇ ಹಚ್ಚಿಕೊಂಡದ್ದು. ಮರುದಿನ ನಾನು ಮಾಸ್ಟ್ರಾಗಿದ್ದ ಸಿದ್ಧಕಟ್ಟೆಯ ಶಾಲೆಯಲ್ಲಿ ಎಲ್ಲರಿಗೂ ಸಾರಿಯೂ ಬಿಟ್ಟೆ.

ಮೂರು ವಾರ ಹೀಗೆ ಏರುತ್ತಾ ಹೋದೆ. ಒಂದು ರಾತ್ರಿ ಅಹಿಂಸೆಯ ಅಧ್ಯಾಯವನ್ನು ರಾಗವಾಗಿ ಓದುತ್ತಿದ್ದಾಗ ಒಳಗಿನಿಂದ ಹೆಂಡತಿ ಸುಮತಿಯ ಸ್ವರ ಬಂತು: “ಅದೊಂದು ಅಧ್ಯಾಯ ಬೇಗ ಮುಗಿಸಿ ಮಾರಾಯ್ರೆ. ಇಲ್ಲದಿದ್ದರೆ ಹುಳಗಳ ಸಂತತಿಯೇ ಉಳಿಯುವುದಿಲ್ಲ.”

ನೋಡಿದೆ. ದೀಪದ ಬುಡದಲ್ಲಿ ಸುಟ್ಟ ಮಳೆಹುಳಗಳ ರಾಶಿ. ಪುಟದ ಮೇಲೆ ಬಿದ್ದವನ್ನು ಇಷ್ಟು ದಿನ ಊದಿ ಊದಿ ಮುಂದೆ ಓದಿದವನು ನಾನು! ನಾಚಿಕೆಯಾಯಿತು. ದೀಪ ಆರಿಸಿದೆ.

“ನಿನಗೆ ಎಚ್ಚರ ಆಯಿತಾ?” ಎಂದೆ.

“ಎಚ್ಚರ ಆಗಲಿಕ್ಕೆ ಮೊದಲು ನಿದ್ದೆ ಬರಬೇಕಲ್ಲ? ಮಗಳನ್ನು ಬೆಳ್ತಂಗಡಿಗೆ ಕೊಟ್ಟಂದಿನಿಂದ ನನಗೆ ಸರಿ ನಿದ್ದೆಯೇ ಇಲ್ಲ.”

ಮಗಳ ಮದುವೆಯಾಗಿ ಮೂರು ವರ್ಷ. ಅಷ್ಟೂ ಕಾಲ ಪಕ್ಕದಲ್ಲೇ ಎಚ್ಚರವಿದ್ದವಳನ್ನು ನಾನು ಸಂಸಾರಿಗಳ ಪಟ್ಟಿಗೆ ಸೇರಿಸಿದ್ದೆ. ನಾನು ಕಂಡೂ ಗಮನಿಸಿರಲಿಲ್ಲ; ದಿನಾ ನಸುಕಿಗೆ ಎದ್ದು ರೆಕ್ಕೆಗಳನ್ನು ಗುಡಿಸಿ, ಜೀವ ಇದ್ದ ಹುಳಗಳನ್ನು ಬಾಳೆಲೆಯ ಚೂರಿನಲ್ಲೆತ್ತಿ ಅಂಗಳಕ್ಕೆ ಬಿಡುತ್ತಿದ್ದವಳೂ ಅವಳೇ.

“ಹೇಳಬಾರದಿತ್ತಾ?”

“ನೀವು ಅಷ್ಟು ಜೋರಾಗಿ ಮೋಕ್ಷಕ್ಕೆ ಹೊರಟಿದ್ದಿರಿ. ಅಡ್ಡ ಬರುವುದು ಯಾಕೆ ಅಂತ ಸುಮ್ಮನಿದ್ದೆ.”

ಕತ್ತಲಲ್ಲೇ ಗ್ರಂಥ ಮುಚ್ಚಿಟ್ಟೆ. ಆಮೇಲೆ ಹೇಳಿದೆ, “ಆದಿತ್ಯವಾರ ಬೆಳ್ತಂಗಡಿಗೆ ಹೋಗುವ.”

ಹೋದೆವು. ಬಸ್ಸು ವೇಣೂರು ಮುಟ್ಟುವ ಮೊದಲೇ ಸುಮತಿ ನನ್ನ ಭುಜಕ್ಕೆ ಒರಗಿ ಗಾಢ ನಿದ್ದೆಗೆ ಜಾರಿದ್ದಳು. ಬಸ್ಸಿನ ತುಂಬ ಗುರುತಿನವರು; ಮಾಸ್ಟ್ರ ಮಾನ ಹೋಗುತ್ತಿತ್ತು. ಕೈ ಜೋಮು ಹಿಡಿಯಿತು. ನನಗೂ ಆಗಲೇ, ಮೂರು ವಾರದಿಂದ ಕಾದಿದ್ದ ನಿದ್ದೆ ತೂಗಿ ತೂಗಿ ಬಂತು. ಆದರೆ ನಾನು ತೂಕಡಿಸಿದರೆ ಅವಳ ತಲೆ ಜಾರುತ್ತದೆ. ಬೆಳ್ತಂಗಡಿಯವರೆಗೆ ರೆಪ್ಪೆ ಮುಚ್ಚದೆ ಕೂತೆ. ಗ್ರಂಥ ಮನೆಯಲ್ಲೇ ಇತ್ತು.