ಡೋನಟ್ ಅಂಗಡಿಯಲ್ಲಿ ಒಂದು ವಾರ

ನಾಡೀನ್ ಬೊರೊವಿಚ್ ಹುಟ್ಟಿದಾಗ ಕ್ಯಾಲಿಫೋರ್ನಿಯಾದ ಸನ್ನಿವೇಲ್ ಊರ ತುಂಬ ಏಪ್ರಿಕಾಟ್ ತೋಟ. ಅವಳಿಗೆ ಐವತ್ತಾಗುವ ಹೊತ್ತಿಗೆ ತೋಟಗಳು ಹೋಗಿ ಕಂಪನಿಗಳು ಬಂದಿದ್ದವು. ಅವಳು ಮಾತ್ರ ಊರು ಬಿಡದೆ ಏಪ್ರಿಕಾಟ್ ಬಣ್ಣದ ಸರ್ವರ್ ಡಬ್ಬಿ ಮಾಡಿಕೊಂಡಿದ್ದಳು. ಅದಕ್ಕೆ ಸ್ಕ್ರೀನಿಲ್ಲ, ಕೀಬೋರ್ಡಿಲ್ಲ. ಪ್ಲಗ್ ಚುಚ್ಚಿದರೆ ಸಾಕು, ಅಂಗಡಿಯ ವೆಬ್‌ಸೈಟು, ಈಮೇಲು ಎಲ್ಲ ಶುರು. ಕಂಪ್ಯೂಟರಿನ ಗಂಧಗಾಳಿ ಇಲ್ಲದವರಿಗಾಗಿಯೇ ಮಾಡಿದ ಕಂಪ್ಯೂಟರ್ ಅದು. ಒಳಗೆ ಓಡುತ್ತಿದ್ದದ್ದು ಲಿನಕ್ಸ್, ಯಾರು ಬೇಕಾದರೂ ತಿದ್ದಿ ಬಳಸಬಹುದಾದ ಆಪರೇಟಿಂಗ್ ಸಿಸ್ಟಮ್. ಅದನ್ನು ಡಬ್ಬಿಗೆ ಒಗ್ಗಿಸಿದ್ದು ಅವಳು ಮತ್ತು ಅವಳ ಜೊತೆಯ ಐವರು.

2001ರಲ್ಲಿ ದೊಡ್ಡ ಕಂಪನಿಯೊಂದು ಇವರನ್ನು ಕೊಂಡುಕೊಂಡಿತು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಬಂದ ವಾರವೇ ಅಪ್ಪಣೆಯಾಯಿತು: ಡಬ್ಬಿಯೊಳಗೆ ನಮ್ಮದೇ ಚಿಪ್, ನಮ್ಮದೇ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡಿ. ಅವರ ಸಿಸ್ಟಮ್ ಗೆದ್ದರೆ ಆ ಐವರು ಐದು ಕಟ್ಟಡಗಳಿಗೆ ಚೆದುರುತ್ತಾರೆ. ನಾಲ್ಕು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದವರು. ನಾಡೀನಳ ಸಂಕಟ ಅದೊಂದೇ.

ದೊಡ್ಡ ಕಂಪನಿಯ ಕಡೆಯಿಂದ ಹೊಸ ಡಬ್ಬಿ ಹಿಡಿದು ಬಂದವನು ರಸ್ ಲಿಂಡ್‌ಕ್ವಿಸ್ಟ್. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಒಳ್ಳೆಯವನು, ಕೆಲಸವೂ ಗೊತ್ತಿದ್ದವನು.

"ನಮ್ಮಲ್ಲೊಂದು ಪದ್ಧತಿ ಇದೆ ರಸ್," ಎಂದಳು ನಾಡೀನ್. "ಹೊಸ ಡಬ್ಬಿ ಯಾವುದೇ ಆಗ್ಲಿ, ಮೊದ್ಲು ವನ್ನಿ ಅಂಗಡೀಲಿ ಒಂದು ವಾರ ಇಡ್ತೀವಿ. ಅಲ್ಲಿ ಬದುಕಿದ್ರೆ ಎಲ್ಲಾದ್ರೂ ಬದುಕುತ್ತೆ."

ಕ್ಯಾಸ್ಟ್ರೋ ಬೀದಿಯಲ್ಲಿ ಡೋನಟ್ ಮಾರುತ್ತಿದ್ದವಳು ಕಾಂಬೋಡಿಯಾದ ವನ್ನಿ ಕಿಯೊ. ಡಬ್ಬಿಯ ಮೊದಲ ಗಿರಾಕಿ ಅವಳೇ.

"ನಾನು ತಿಳ್ಕೋಬೇಕಾದ್ದು ಏನಾದ್ರೂ ಇದ್ಯಾ?" ಎಂದು ರಸ್ ಕೇಳಿದ.

ಸುಮ್ಮನಿದ್ದುಬಿಡೋಣ ಅನ್ನಿಸಿತು ನಾಡೀನ್‌ಗೆ. ಆದರೆ ಮನಸ್ಸು ಒಪ್ಪಲಿಲ್ಲ. "ವನ್ನಿ ಪ್ಲಗ್ ಕೀಳ್ತಾಳೆ. ದಿನಾ. ಕಸ ಎಳೆಯೋ ವ್ಯಾಕ್ಯೂಮ್ ಮಷೀನನ್ನ ಅದೇ ಸಾಕೆಟ್ಟಿಗೆ ಚುಚ್ತಾಳೆ."

ರಸ್ ನಕ್ಕುಬಿಟ್ಟ. ವರ್ಷಗಟ್ಟಲೆ ನಿಲ್ಲದ ಯಂತ್ರಕ್ಕೆ ಕೇಕ್ ಕತ್ತರಿಸಿ ಹುಟ್ಟುಹಬ್ಬ ಮಾಡುವ ಜನ ಅವನ ಕಂಪನಿಯವರು. "ಸರ್ವರ್ ಪ್ಲಗ್ ಯಾರಾದ್ರೂ ಕೀಳ್ತಾರಾ? ಒಂದು ಚೀಟಿ ಅಂಟಿಸಿದ್ರಾಯ್ತು." ಅಂಟಿಸಿಯೂ ಬಿಟ್ಟ: ದಯವಿಟ್ಟು ಪ್ಲಗ್ ಕೀಳಬೇಡಿ.

ಎರಡು ಡಬ್ಬಿಗಳನ್ನೂ ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟು, ಕಚೇರಿಗಳ ಆರ್ಡರ್ ಹೊಸದಕ್ಕೆ, ಮನೆಗಳದು ಹಳೆಯದಕ್ಕೆ ಎಂದಾಯಿತು. ವನ್ನಿ ಮಾತು ಕೇಳುವವಳು, ಹೊಸದನ್ನು ಮುಟ್ಟಲಿಲ್ಲ. ಎಂದಿನಂತೆ ಹಳೆಯದರ ಪ್ಲಗ್ಗನ್ನೇ ಕಿತ್ತಳು. ಹೊಸದು ತಣ್ಣಗೆ, ಸದ್ದಿಲ್ಲದೆ ಓಡಿತು. ಹಳೆಯದೋ ಕಾದ ಹೆಂಚು. ವನ್ನಿ ಅದರ ಮೇಲೆ ಹಿಟ್ಟಿನ ಪಾತ್ರೆ ಇಟ್ಟು ಉಬ್ಬಿಸುತ್ತಿದ್ದಳು. ಬೇಸಿಗೆಯಲ್ಲಿ ಡಿಸ್ಕ್ ಸಾಯುತ್ತಿದ್ದದ್ದು ಆ ಬಿಸಿಗೇ ಎಂದು ನಾಡೀನ್‌ಗೂ ಗೊತ್ತಿತ್ತು. ಹೊಸದೇ ಗೆಲ್ಲುವುದು ಖಚಿತವೆಂದು ಗುರುವಾರ ಊಟದ ಮೇಜಿನಲ್ಲಿ ಐವರೂ ಯಾರಿಗೆ ಯಾವ ಕಟ್ಟಡ ಎಂದು ಲೆಕ್ಕ ಹಾಕಿದರು.

ಶುಕ್ರವಾರ ಕರೆಂಟ್ ಹೋಯಿತು. ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ತಿಗೆ ಬರ, ಬೀದಿ ಬೀದಿಗೂ ಸರದಿಯ ಕತ್ತಲೆ. ಕರೆಂಟ್ ಮರಳಿದಾಗ, ದಿನಾ ಪ್ಲಗ್ ಕೀಳಿಸಿಕೊಂಡು ಅಭ್ಯಾಸವಾಗಿದ್ದ ಹಳೆಯ ಡಬ್ಬಿ ತಾನೇ ಮೈಕೊಡವಿ ಎದ್ದಿತು. ಹೊಸದು ಏಳಲಿಲ್ಲ. ವನ್ನಿಯ ಫೋನ್ ಬಂದದ್ದೇ ನಾಡೀನ್, ರಸ್ ಇಬ್ಬರೂ ಓಡಿದರು.

"ಚೀಟಿ ನಾನು ಓದ್ದೆ, ಬೋಂಗ್," ಎಂದಳು ವನ್ನಿ. ನಾಡೀನಳನ್ನು ಅವಳು ಅಕ್ಕನೆಂದು ಕರೆಯುವುದು ಹಾಗೆಯೇ. "ಕರೆಂಟು ಓದ್ಲಿಲ್ಲ."

ರಸ್ ತಂದಿದ್ದ ಸ್ಕ್ರೀನನ್ನು ಡಬ್ಬಿಗೆ ಸಿಕ್ಕಿಸಿದ. ಅದರಲ್ಲಿ ಒಂದೇ ಸಾಲು: ಡಿಸ್ಕ್ ಸರಿಪಡಿಸಲೇ? ಹೌದು ಅಥವಾ ಬೇಡ ಎಂದು ಟೈಪ್ ಮಾಡಿ. ಕೀಬೋರ್ಡೇ ಇಲ್ಲದ ಡಬ್ಬಿ ಉತ್ತರಕ್ಕೆ ಕಾದು ಕೂತಿತ್ತು. ರಸ್‌ನ ಕಿವಿ ಕೆಂಪಾಯಿತು. ಆಮೇಲೆ ನಗು ತಡೆಯಲಾಗದೆ ಮೈದಾ ಮೂಟೆಯ ಮೇಲೆ ಕುಸಿದು ಕೂತ.

"ನಮ್ ಯಂತ್ರದ ಮುಂದೆ ಯಾವಾಗ್ಲೂ ನನ್ನಂಥೋನೊಬ್ಬ ಕೂತಿರ್ತಾನೆ," ಎಂದ. "ಇಲ್ಲಿ ಯಾರಿದಾರೆ?"

"ನಾನಿದೀನಲ್ಲ," ಎಂದಳು ವನ್ನಿ. "ನನ್ನ ಕೇಳ್ಲೇ ಇಲ್ಲ ಅದು."

"ಇದೊಂದನ್ನ ಸರಿಮಾಡ್ಬಹುದು, ರಸ್," ಎಂದಳು ನಾಡೀನ್. ಹೇಳಬಾರದೆಂದಿದ್ದಳು, ಬಾಯಿ ಕೇಳಲಿಲ್ಲ.

"ಮಾಡ್ಬಹುದು. ಇಂಥವು ಇನ್ನೆಷ್ಟಿವೆಯೋ. ನೀವು ನಾಲ್ಕು ವರ್ಷ ಇಲ್ಲಿ ಒದೆ ತಿಂದು ಕಲ್ತಿದೀರಿ. ಹಾರ್ಡ್‌ವೇರ್ ನಮ್ದಿರ್ಲಿ, ಒಳಗಿನದು ನಿಮ್ದು. ಮೇಲಿನವ್ರಿಗೆ ನಾನೇ ಹೇಳ್ತೀನಿ."

ಹೇಳಿದ, ಅವರೂ ಒಪ್ಪಿದರು. ಐವರೂ ಅದೇ ಮೇಜಿನಲ್ಲಿ ಉಳಿದರು. ರಸ್‌ಗಾಗಿ ಏಳನೆಯ ಕುರ್ಚಿಯೂ ಬಂತು. ಅಂದು ನಾಡೀನ್‌ಗೆ ಕಣ್ಣೀರು ಬಂತು, ಅವಳು ಅಡಗಿಸಲೂ ಇಲ್ಲ.

ವನ್ನಿಗೆ ತಣ್ಣನೆಯ ಹೊಸ ಡಬ್ಬಿ ಹೋಯಿತು, ಒಳಗೆ ಲಿನಕ್ಸ್. ವಾರ ಕಳೆದು ಫೋನ್ ಬಂತು: "ಎಲ್ಲಾ ಚೆನ್ನಾಗಿದೆ, ಬೋಂಗ್. ಹಿಟ್ಟು ಮಾತ್ರ ಉಬ್ತಿಲ್ಲ."

ನಾಡೀನ್ ತಾನೇ ಹಳೆಯ ಡಬ್ಬಿ ಹೊತ್ತುಕೊಂಡು ಹೋದಳು. ಮಾಡಲು ಕೆಲಸವಿಲ್ಲದಿದ್ದರೂ ಅದು ಮೊದಲಿನಂತೆಯೇ ಬಿಸಿಯಾಯಿತು. ವನ್ನಿ ಹಿಟ್ಟಿನ ಪಾತ್ರೆಯನ್ನು ಅದರ ಮೇಲಿಟ್ಟು, ರಸ್‌ನ ಚೀಟಿಯನ್ನು ತಂದು ಅದಕ್ಕೆ ಅಂಟಿಸಿದಳು. ಆಮೇಲೆ ಹೊಸದರ ಪ್ಲಗ್ ಕಿತ್ತು ಕಸ ಎಳೆಯತೊಡಗಿದಳು.