ಕೇಳುವ ಮೊದಲೇ "ಎಸ್ ಸಾರ್"

ನಾನು ನಿವೃತ್ತಳಾಗುವ ಹಿಂದಿನ ವರ್ಷ ನಡೆದ ಸಂಗತಿಯಿದು. ಏರ್ ಟ್ರಾಫಿಕ್ ಕಂಟ್ರೋಲರ್ ಆಗಿ ವೃತ್ತಿಯನ್ನೆಲ್ಲ ದೊಡ್ಡ ನಿಲ್ದಾಣಗಳ ಟವರ್‌ಗಳಲ್ಲಿ ಕಳೆದವಳು ನಾನು. ಮಂತ್ರಿಯೊಬ್ಬರು ನಾಪೋಕ್ಲು ಕಡೆಗೆ ಹೆಲಿಕಾಪ್ಟರಿನಲ್ಲಿ ಬರುವುದಿತ್ತು. ಕೊಡಗಿನವಳೆಂಬ ಕಾರಣಕ್ಕೆ, ಹಾಕಿ ಮೈದಾನದಲ್ಲಿ ಮಾಡಿದ್ದ ತಾತ್ಕಾಲಿಕ ಹೆಲಿಪ್ಯಾಡ್‌ನ ರೇಡಿಯೋ ಹೊಣೆ ನನಗೆ ಬಿತ್ತು.

ಮೈದಾನದ ಒಂದು ಕಡೆ ಗದ್ದೆ, ಇನ್ನೊಂದು ಕಡೆ ಎಸ್ಟೇಟಿನ ಕಾಫಿ ಕಣ. ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಸಮಯವಾದ್ದರಿಂದ ಕಣದ ತುಂಬ ಟಾರ್ಪಾಲು, ಒಣಗಲು ಕಾಫಿ ಹರಡುತ್ತಿದ್ದ ಹೆಂಗಸರು. ಅವರನ್ನು ಸ್ವಲ್ಪ ಹೊತ್ತು ಆಚೆ ಕಳುಹಿಸಿ ಎಂದು ಪ್ರೋಟೋಕಾಲ್ ಅಧಿಕಾರಿಗೆ ಬೆಳಿಗ್ಗೆಯೇ ಹೇಳಿದ್ದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಲಿಕಾಪ್ಟರನ್ನು ಗದ್ದೆಯ ಕಡೆಯಿಂದಲೇ ಇಳಿಸುವುದೆಂದು ನಾನು ನಿರ್ಧರಿಸಿದೆ.

ನಮ್ಮ ಕೆಲಸದಲ್ಲಿ 'ರೀಡ್‌ಬ್ಯಾಕ್' ಎಂಬ ಕ್ರಮವಿದೆ. ನಾವು ಹೇಳಿದ್ದನ್ನು ಪೈಲಟ್ ತಿರುಗಿ ಹೇಳಬೇಕು. ಸರಿಯಾಗಿ ಹೇಳಿದನೇ ಎಂದು ನಾವು ಗಮನವಿಟ್ಟು ಕೇಳಬೇಕು. ಅಲ್ಲಿಯವರೆಗೆ ಹೇಳಿದ್ದು ಹೇಳಿದಂತಲ್ಲ.

ಹೆಲಿಕಾಪ್ಟರ್ ಕಾಣಿಸಿತು. ಗದ್ದೆ ಕಡೆಯಿಂದ ಬರಲು ತಿಳಿಸಿದೆ. ಪೈಲಟ್ ಉತ್ತರಿಸುವ ಮೊದಲೇ ಅಧಿಕಾರಿ ರೇಡಿಯೋ ಕಸಿದುಕೊಂಡರು.

"ಬರ್ತಿರೋದು ಸಾಹೇಬ್ರು ಮೇಡಂ. ಮಾತಾಡೋದು ನಾನು."

ಅಷ್ಟರಲ್ಲಿ ಪೈಲಟ್ ಕೇಳಿದ, ಗದ್ದೆ ಕಡೆ ಎತ್ತರದ ಮರಗಳಿವೆ, ಕಣದ ಮೇಲಿನಿಂದ ಬರಲೇ, ಅಲ್ಲಿ ಖಾಲಿ ಇದೆಯೇ ಎಂದು. ಹೆಲಿಕಾಪ್ಟರಿನಿಂದ ಬಂದ ದನಿ ಮಂತ್ರಿಗಳದ್ದೇ ಎಂದುಕೊಂಡರೋ ಏನೋ, ಈ ಮಹಾಶಯರು ಪ್ರಶ್ನೆ ಮುಗಿಯುವ ಮೊದಲೇ ಬೆನ್ನು ಬಗ್ಗಿಸಿ "ಎಸ್ ಸಾರ್, ಎಸ್ ಸಾರ್" ಎಂದರು. ಮೇಲಿನಿಂದ ಏನು ಕೇಳಿದರೂ ಹೂಂಗುಟ್ಟಿಯೇ ಅವರ ಸರ್ವಿಸು ಸವೆದಿತ್ತು. ಪೈಲಟ್‌ಗೆ ಅದು ಅನುಮತಿ.

ಹೆಲಿಕಾಪ್ಟರ್ ಕಣದತ್ತ ತಿರುಗಿತು. ರೇಡಿಯೋ ಕಿತ್ತುಕೊಂಡು "ಗೋ ಅರೌಂಡ್" ಎಂದು ಕೂಗಿದೆ; ಇಳಿಯಬೇಡ, ಮೇಲೇರು ಎಂದರ್ಥ. ಪೈಲಟ್ ಏರಿದ. ಆದರೆ ಗಾಳಿಯ ಹೊಡೆತಕ್ಕೆ ಟಾರ್ಪಾಲುಗಳು ಆಗಲೇ ಎದ್ದಿದ್ದವು. ಒಂದೇ ಒಂದು ಟಾರ್ಪಾಲು ರೆಕ್ಕೆಗೆ ಸಿಕ್ಕಿದ್ದರೂ ಒಳಗಿದ್ದವರು, ಕೆಳಗಿದ್ದವರು ಯಾರೂ ಉಳಿಯುತ್ತಿರಲಿಲ್ಲ. ಹಾಗೆ ಎದ್ದ ಟಾರ್ಪಾಲೊಂದು ಪಾರ್ವತಿ ಎಂಬ ಕಾರ್ಮಿಕಳನ್ನು ಕಣದ ಕಟ್ಟೆಯಿಂದ ಕೆಳಕ್ಕೆ ಬೀಳಿಸಿತು. ಮೊಣಕೈ ಮುರಿಯಿತು.

ಮಂತ್ರಿಗಳು ಎರಡನೆಯ ಸಲಕ್ಕೆ ಸುಖವಾಗಿ ಇಳಿದು ಹಾರ ಹಾಕಿಸಿಕೊಂಡರು.

ನನ್ನ ಸಹಿಗೆಂದು ಬಂದ ಘಟನೆಯ ವರದಿ ಓದಿ ನನ್ನ ಮೈ ಉರಿದುಹೋಯಿತು. "ಕಾರ್ಮಿಕರು ನಿರ್ಬಂಧಿತ ಸ್ಥಳದಲ್ಲಿದ್ದರು" ಎಂದಿತ್ತು. ದಿನಾ ದುಡಿಯುವ ಕಣ ಅವರಿಗೇ ನಿರ್ಬಂಧಿತವಂತೆ! ನಾನು ಸಹಿ ಹಾಕಲಿಲ್ಲ. ಅಧಿಕಾರಿ ಸಮಾಧಾನ ಹೇಳಲು ಬಂದರು: "ಕಮ್ಯುನಿಕೇಶನ್ ಗ್ಯಾಪ್ ಅಷ್ಟೇ ಮೇಡಂ. ಏನೂ ಆಗಿಲ್ವಲ್ಲ."

ಆಸ್ಪತ್ರೆಯಲ್ಲಿ ಪಾರ್ವತಿಯನ್ನು ನೋಡಲು ಹೋದೆ. "ಹೆಲಿಕಾಪ್ಟರ್ ಬರ್ತದೆ ಅಂತ ನಮ್ಮತ್ರ ಒಂದು ಮಾತು ಹೇಳಿದ್ರೆ ಆಚೆ ಹೋಗಿ ನಿಲ್ತಿದ್ವಿ ಮೇಡಂ," ಎಂದಳು.

ತಿಳಿಯದಿದ್ದಾಗ "ತಡೆಯಿರಿ" ಎನ್ನುವ ಧೈರ್ಯವೇ ನನ್ನ ವೃತ್ತಿ ಕಲಿಸಿದ ದೊಡ್ಡ ಪಾಠ. ಎಲ್ಲದಕ್ಕೂ ಹೌದೆನ್ನುವವನ ಕೈಗೆ ರೇಡಿಯೋ ಕೊಡಬಾರದು, ಅಧಿಕಾರವನ್ನಂತೂ ಕೊಡಲೇಬಾರದು. ನಮ್ಮಲ್ಲಿ ಕೊಡುತ್ತಾರೆ. ಆ ಅಧಿಕಾರಿಗೆ ಬಡ್ತಿ ಸಿಕ್ಕಿತು. ಪಾರ್ವತಿಯ ಕೈ ಇಂದಿಗೂ ಪೂರ್ತಿ ಮಡಚುವುದಿಲ್ಲ.