ಕಾಲಿಗೊಂದು ಕುತ್ತು

ಮನೆಯಲ್ಲಿ ಒಂದು ಕಾಲು ಕೆಟ್ಟರೆ ಊರಿನ ತುಂಬ ಮೆಟ್ಟಿಲುಗಳು ಹುಟ್ಟಿಕೊಳ್ಳುತ್ತವೆ. ಮದುವೆಯಾಗಿ ಹಂಗಳಕ್ಕೆ ಬಂದಾಗಿನಿಂದ ನಾನು ಗುಂಡ್ಲುಪೇಟೆಗೆ ಓಡಾಡುತ್ತಿದ್ದೇನೆ. ಬಸ್ಸಿಗೆ ಮೆಟ್ಟಿಲಿದೆ ಎಂದು ಗೊತ್ತಿತ್ತು, ಅದು ಅಷ್ಟು ಎತ್ತರದಲ್ಲಿದೆ ಎಂದು ಗೊತ್ತಿರಲಿಲ್ಲ. ಮೆಡಿಕಲ್ ಸ್ಟೋರಿಗೆ ಮೆಟ್ಟಿಲು, ಹೋಟೆಲಿಗೆ ಮೆಟ್ಟಿಲು, ಬ್ಯಾಂಕಿಗಂತೂ ದೇವಸ್ಥಾನಕ್ಕಿಂತ ಹೆಚ್ಚು ಮೆಟ್ಟಿಲು. ಕೊನೆಗೆ, ಕಾಲಿಗೆ ವ್ಯಾಯಾಮ ಮಾಡಿಸುವ ಕ್ಲಿನಿಕ್ಕೂ ಮಹಡಿಯ ಮೇಲೆಯೇ ಇದೆ. ಕಾಲು ನೋಯುವವರು ಮಾತ್ರ ಬರುವ ಜಾಗಕ್ಕೆ ಮಹಡಿಯನ್ನು ಹುಡುಕಿದವರು ಯಾರೋ. ಬಹುಶಃ ಹತ್ತಿ ಬಂದವರಿಗೆ ಅರ್ಧ ವ್ಯಾಯಾಮ ಅಲ್ಲೇ ಆಗಿರಲಿ ಎಂದಿರಬೇಕು.

ಕೆಟ್ಟಿದ್ದು ನನ್ನ ಕಾಲಲ್ಲ, ಮಗಳು ಸಿಂಚನಳದು. ಒಂಬತ್ತನೇ ಕ್ಲಾಸು. ಶಾಲೆಯ ಕಬಡ್ಡಿ ತಂಡದಲ್ಲಿ ರೈಡಿಗೆ ಹೋಗುವವಳು ಇವಳೇ. ತಾಲ್ಲೂಕು ಪಂದ್ಯದ ದಿನ ಎದುರು ತಂಡದ ಹುಡುಗಿಯರು ಕಾಲು ಹಿಡಿದಾಗ ಇವಳ ಮೈ ತಿರುಗಿತು, ಮಂಡಿ ತಿರುಗಲಿಲ್ಲ. ಚಾಮರಾಜನಗರದ ಆಸ್ಪತ್ರೆಯಲ್ಲಿ ಲಿಗಮೆಂಟ್ ಹರಿದಿದೆ ಎಂದು ಆಪರೇಷನ್ ಮಾಡಿದರು.

ಮನೆಗೆ ಕರೆದುಕೊಂಡು ಬಂದ ದಿನವೇ ಪಕ್ಕದ ಮನೆಯ ಚಿಕ್ಕತಾಯಮ್ಮ ನೋಡಲು ಬಂದರು. "ಅದೇನಮ್ಮಿ, ಮಂಡಿ ಒಳಗ್ಲ ಸಿಮೆಂಟು ಕಿತ್ತೋಗದಂತಲ್ಲ?"

"ಸಿಮೆಂಟಲ್ಲ ಕಣಜ್ಜಿ, ಲಿಗಮೆಂಟ್" ಎಂದಳು ಸಿಂಚನ.

"ನಾನೂ ಅದ್ನೇ ಅಂದಿದ್ದು. ಎಂತ ಸಿಮೆಂಟಾದ್ರೂ ಕ್ಯೂರಿಂಗ್ ಆಗಗಂಟ ಅಳ್ಳಾಡುಸ್ಬಾರ್ದು, ಸುಮ್ನೆ ಬಿದ್ದಿರು."

ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಕೆಲವು ವಾರ ಕಾಲನ್ನು ನೆಲಕ್ಕೆ ಊರಬಾರದು, ಆಮೇಲೆ ನಿಧಾನವಾಗಿ ಊರಬೇಕು, ಯಾವಾಗ ಎಂಬುದನ್ನು ಗುಂಡ್ಲುಪೇಟೆಯ ಫಿಸಿಯೋ ಹೇಳುತ್ತಾರೆ ಎಂದು ಕಳಿಸಿದ್ದರು.

ಆ ವಾರಗಳಲ್ಲಿ ನಾನು ದಣಿದೆ. ಎಷ್ಟು ದಣಿದೆನೆಂದರೆ, ದಣಿವಾಗಿದೆ ಎಂದು ಹೇಳುವುದಕ್ಕೂ ದಣಿವು. ನನ್ನ ಕಸುಬು ಹೊಲಿಗೆ. ರವಿಕೆ ಹೊಲಿಯುತ್ತ ಕೂತರೆ "ಅವ್ವಾ" ಎನ್ನುತ್ತಾಳೆ. ಎದ್ದು ಬಚ್ಚಲಿಗೆ ಹೆಗಲು ಕೊಟ್ಟು ಕರೆದುಕೊಂಡು ಹೋಗಿ, ಮತ್ತೆ ಮಂಚಕ್ಕೆ ತಂದು, ಕಾಲ ಕೆಳಗೆ ದಿಂಬು ಕೊಟ್ಟು ಬಂದು ಕೂತರೆ ಎಡಗೈಯ ತೋಳು ಯಾವುದು, ಬಲಗೈಯದು ಯಾವುದು ಎಂಬುದು ಮರೆತುಹೋಗಿರುತ್ತದೆ. ಎರಡೂ ಎಡಗೈಯಾದ ರವಿಕೆಯೊಂದನ್ನು ಹೊಲಿದು ಕೊಟ್ಟೆ. ಪಾಪ, ಆ ಹೆಣ್ಣುಮಗಳು ಹಾಕಿಕೊಂಡು ಮದುವೆಗೆ ಹೋಗಿ ಬಂದ ಮೇಲೆ ಹೇಳಿದಳು: "ಯಾಕೋ ಅಕ್ಕ, ಊಟಕ್ಕೆ ಕೈ ಎತ್ತಕ್ಕೇ ಆಗ್ನಿಲ್ಲ."

ಹೆಗಲು ಕೊಡಲು ಇನ್ನೊಬ್ಬರು ಇದ್ದರು. ಈಗ ಇಲ್ಲ. ನಮ್ಮ ಯಜಮಾನರು ಹಂಗಳದ ತೋಟಗಳಿಂದ ಗುಂಡ್ಲುಪೇಟೆ ಮಾರ್ಕೆಟ್ಟಿಗೆ ತಮ್ಮ ಆಪೆ ಆಟೋದಲ್ಲಿ ತರಕಾರಿ ಹೊಡೆಯುತ್ತಿದ್ದರು. ಸಿಂಚನಳಿಗೆ ಕಬಡ್ಡಿ ಕಲಿಸಿದವರೂ ಅವರೇ. ಸಂಜೆ ಅಂಗಳದಲ್ಲಿ ಒಲೆಯ ಬೂದಿಯಲ್ಲಿ ಗೆರೆ ಎಳೆದು, ಲುಂಗಿ ಎತ್ತಿ ಕಟ್ಟಿ, ಅಪ್ಪ ಒಂದು ತಂಡ, ಮಗಳು ಒಂದು ತಂಡ. ಹೋದ ವರ್ಷ ಹೋದರು. ಬೆಳಗಿನ ಜಾವ ಎದೆ ಉಜ್ಜಿಕೊಳ್ಳುತ್ತ ಟೊಮೆಟೊ ಲೋಡಿಗೆ ಹೊರಟಿದ್ದಾಗ, ಬೇಡ ಎಂದೆ. "ಗ್ಯಾಸು ಕಣಮ್ಮಿ. ಏನೂ ಕುತ್ತಿಲ್ಲ, ಕಾಪಿ ಕೊಡು" ಎಂದರು. ಕೊಟ್ಟೆ. ಕಬಡ್ಡಿಯಲ್ಲಿ ಎಷ್ಟು ಜನರನ್ನು ಮುಟ್ಟಿದರೂ ಉಸಿರು ಮುಗಿಯುವುದರೊಳಗೆ ತನ್ನ ಕಡೆಗೆ ವಾಪಸ್ಸು ಬರಬೇಕಂತೆ. ಅದನ್ನು ಮಗಳಿಗೆ ಹೇಳಿಕೊಟ್ಟವರೇ ಮಾರ್ಕೆಟ್ಟಿನಿಂದ ವಾಪಸ್ಸು ಬರಲಿಲ್ಲ.

ಅಂದಿನಿಂದ 'ಕುತ್ತು' ಎಂಬ ಮಾತು ಯಾರ ಬಾಯಲ್ಲಿ ಬಂದರೂ ನನಗೆ ತಡೆಯಲಾಗುವುದಿಲ್ಲ. ಶಾಸ್ತ್ರ ಹೇಳುವವರು ಬಾಗಿಲಲ್ಲಿ ನಿಂತು "ಈ ಮನೆಗೆ ಒಂದು ಕುತ್ತು" ಎಂದು ಶುರುಮಾಡಿದರೆ ಮುಂದಿನದನ್ನು ಕೇಳುವ ಮೊದಲೇ ಅಕ್ಕಿ ಹಾಕಿ ಕಳಿಸುತ್ತೇನೆ. ಪ್ರಾಣಕ್ಕೆ ಬರುವ ಅಪಾಯಕ್ಕೆ ನಮ್ಮಲ್ಲಿ ಅದೇ ಮಾತು. ಎರಡೇ ಅಕ್ಷರ, ನಡುವೆ ಒಂದು ಒತ್ತು. ಹೇಳುವಾಗ ನಾಲಗೆಗೂ ಏನೋ ತಗುಲಿದಂತಾಗುತ್ತದೆ.

ಇನ್ನು ಫಿಸಿಯೋ ವಿಷಯ. ಗುಂಡ್ಲುಪೇಟೆಯಲ್ಲಿ ಕೇರಳದವರು ಹೊಸಬರಲ್ಲ. ಹೂವು ಕೊಳ್ಳುವವರು, ತರಕಾರಿ ಕೊಳ್ಳುವವರು, ಬೇಕರಿಯವರು ಎಲ್ಲರೂ ಇದ್ದಾರೆ. ಫಿಸಿಯೋ ಜಿನ್ಸಿ ಮೇಡಂ ಕೂಡ ವಯನಾಡಿನ ಕಡೆಯವರು. ವಯಸ್ಸು ಚಿಕ್ಕದು, ಕೈ ಗಟ್ಟಿ, ಕನ್ನಡ ಹೊಸದು. ಡಾಕ್ಟರು ಹೇಳಿದ ವಾರಗಳು ಮುಗಿದು ನಾವು ಮೊದಲ ಸಲ ಹೋದ ದಿನ, ಒಳಗೆ ಕರೆದುಕೊಂಡು ಹೋಗಿ ಎರಡು ಕಬ್ಬಿಣದ ಕಂಬಿಗಳ ನಡುವೆ ಸಿಂಚನಳನ್ನು ನಿಲ್ಲಿಸಿದರಂತೆ. ನಾನು ಹೊರಗಿದ್ದೆ, ಅವಳು ಕಿರುಚಿದ್ದು ಮಾತ್ರ ಕೇಳಿಸಿತು. ಬಾಗಿಲಿಗೆ ಬಂದ ಮೇಡಂ ನನ್ನ ಕೈ ಹಿಡಿದುಕೊಂಡು, ಬಹಳ ಮುಖ್ಯವಾದ ಮಾತು ಹೇಳುವವರ ಹಾಗೆ ನಿಧಾನವಾಗಿ ಹೇಳಿದರು: "ಅಮ್ಮಾ, ಮನೇಲಿ ಕಾಲು ಕುತ್ತು. ದಿನಾ ಕುತ್ತು. ಮರೀಬೇಡ, ಕೇಟ್ಟೋ? ಕೇಳ್ತಾ?"

ಇಂಥ ಮಾತನ್ನು ಮರೆಯುವುದುಂಟೆ? ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಊರು ಬರುವವರೆಗೂ ಕಣ್ಣು ಒರೆಸಿಕೊಂಡೆ. ಕಾಲಿಗೆ ಕುತ್ತು. ಅದೂ ದಿನಾ.

ಬಸ್ಸಿಳಿದ ಮೇಲೆ ಹೇಳಿದೆ: "ಮನೇಲಿ ಅಪ್ಪಿತಪ್ಪಿಯೂ ಕಾಲ ಊರ್ಬ್ಯಾಡ ಕಣವ್ವ. ಕುತ್ತಂತೆ."

"ಅಲ್ಲಿ ಊರುಸುದ್ರಲ್ಲವ್ವ?"

"ಅದು ಅವ್ರ ಎದುರ್ಗೆ. ಮನೇಲಿ ಊರುದ್ರೆ ಕುತ್ತು ಅಂತ ನನ್ನ ಕೈ ಇಡ್ಕಂಡು ಹೇಳುದ್ರು."

ನೋವು ತಿಂದು ಬಂದಿದ್ದ ಹುಡುಗಿಗೆ ಇಷ್ಟು ಸಾಕಾಯಿತು. ಅವಳು ಕಾಲು ಎತ್ತಿಕೊಂಡಳು, ನಾನು ಕಾವಲು ಕೂತೆ. ಕಾಲ್ಬೆರಳು ನೆಲಕ್ಕೆ ತಾಗಿದರೆ ಸಾಕು, "ಕುತ್ತು, ಕುತ್ತು!" ಎಂದು ಕೂಗುತ್ತಿದ್ದೆ. ನಮ್ಮ ಮನೆಯ ಬೆಕ್ಕು ಕೂಡ ಆ ಮಾತಿಗೆ ಕಾಲೆತ್ತುವ ಮಟ್ಟಕ್ಕೆ ಬಂದಿತ್ತು. ಚಿಕ್ಕತಾಯಮ್ಮನಿಗೂ ಹೇಳಿದೆ. ಅವರು ಗಾಬರಿಯಾಗಿ ಒಂದಾದ ಮೇಲೊಂದು ಉಪಾಯ ತಂದರು. ಕಾಲು ಮುಂದಾಗಿ ಹುಟ್ಟಿದ ಯಾರಿಂದಾದರೂ ಮೆತ್ತಗೆ ಒದೆಸಿದರೆ ಸರಿಹೋಗುತ್ತದೆ ಎಂದರು. ಅದು ಸೊಂಟದ ಉಳುಕಿಗಲ್ಲವೇ ಎಂದರೆ, "ಉಳುಕು ಎಲ್ಲಿದ್ರೇನಮ್ಮಿ, ಒದೆ ಒಂದೇ" ಎಂದರು. ಗೋಪಾಲಸ್ವಾಮಿ ಬೆಟ್ಟಕ್ಕೆ ಹರಕೆ ಹೊರು ಎಂದರು. ಹೊತ್ತೆ. ಆಮೇಲೆ ನೆನಪಾಯಿತು, ಈಗ ಬೆಟ್ಟದ ಬುಡದಿಂದ ಮೇಲಕ್ಕೆ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು, ನಡೆದು ಹತ್ತಲು ಬಿಡುವುದಿಲ್ಲ. ಹಾಗಾಗಿ ನನ್ನ ಮಗಳನ್ನು ನಡೆಸುವ ಅವಸರ ಸ್ವಾಮಿಗೂ ಇದ್ದ ಹಾಗೆ ಕಾಣಲಿಲ್ಲ.

ನಡುವೆ ಮಳೆ ಹಿಡಿಯಿತು, ಮೇಡಂ ಊರಿಗೆ ಹೋಗಿದ್ದರು, ಮತ್ತೆ ನಾವು ಆ ಮಹಡಿ ಹತ್ತುವಾಗ ವಾರಗಳು ಕಳೆದಿದ್ದವು. ಮೇಡಂ ಮಂಡಿ ಮುಟ್ಟಿ ನೋಡಿದರು. ಮುಖ ಚಿಕ್ಕದಾಯಿತು.

"ಅಮ್ಮಾ, ಮನೇಲಿ ಕುತ್ತಿಲ್ಲೇ?"

"ದೇವ್ರ ದಯೆ ಮೇಡಂ, ಇಲ್ಲೀಗಂಟ ಒಂದು ಕುತ್ತೂ ಬಂದಿಲ್ಲ" ಎಂದು ಕೈಮುಗಿದೆ.

"ಒಂದೂ ಕುತ್ತಿಲ್ಲ? ಯಾಕೆ ಕುತ್ತಿಲ್ಲ?"

ನನಗೆ ಸಿಟ್ಟು ಬಂತು. ಗಂಡ ಸತ್ತವಳ ಹತ್ತಿರ ಆಡುವ ಮಾತೇ ಇದು? "ಯಾಕೆ ಕುತ್ತಿಲ್ಲ ಅಂದ್ರೆ? ಬರ್ಲಿ ಅಂತ ಕಾಯ್ತಾ ಇದ್ರಾ ನೀವು? ಒಂದು ಕುತ್ತು ಬಂದು ನಮ್ಮ ಮನೆ ಅರ್ಧ ಆಗದೆ, ಸಾಲ್ದಾ?"

ಮೇಡಂ ನನ್ನನ್ನೇ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ತಮ್ಮ ಬಲಗಾಲನ್ನು ಎತ್ತಿ ನೆಲಕ್ಕೆ ಧಪ್ ಎಂದು ಇಟ್ಟರು. "ಇದು ಅಮ್ಮಾ! ಇದು ಕುತ್ತು!" ಮತ್ತೊಮ್ಮೆ ಧಪ್. "ಕಾಲು ಕುತ್ತು!"

ಅವರ ಭಾಷೆಯಲ್ಲಿ ಕುತ್ತು ಎಂದರೆ ಊರು. ಕಾಲು ಕುತ್ತು ಎಂದರೆ ಕಾಲು ಊರು. ನಮಗೂ ಅವರಿಗೂ ನಡುವೆ ಒಂದು ಕಾಡು ಇದೆ, ಅಷ್ಟೆ. ಕಾಡಿನ ಆ ಕಡೆ ನಿಲ್ಲಲು ಹೇಳುವ ಮಾತು ಈ ಕಡೆ ಬರುವಷ್ಟರಲ್ಲಿ ಸಾಯುವ ಮಾತಾಗಿಬಿಟ್ಟಿದೆ. ಇನ್ನೊಬ್ಬ ತಾಯಿಯಾಗಿದ್ದರೆ, ಏನಮ್ಮಾ ಹಾಗಂದ್ರೆ ಎಂದು ಒಂದು ಸಲ ಕೇಳಿರುತ್ತಿದ್ದಳು. ಆದರೆ ನನ್ನ ಕಿವಿ ಆ ಮಾತನ್ನೇ ಕಾದು ಕೂತಿತ್ತಲ್ಲ. ಏನೂ ಕುತ್ತಿಲ್ಲ ಎಂದವರನ್ನು ನಂಬಿ ಕಾಪಿ ಕೊಟ್ಟವಳು, ಕುತ್ತು ಎಂದು ಕೇಳಿಸಿದ ಮೇಲೆ ನಂಬದೆ ಇರುವುದು ಹೇಗೆ?

ಸಿಂಚನ ಮಂಚದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮೇಡಂ ನಗಲಿಲ್ಲ. ಮಂಡಿ ಗಟ್ಟಿಯಾಗುತ್ತಿದೆ, ತೊಡೆ ಸಣ್ಣಗಾಗಿದೆ, ಇನ್ನೂ ಹೀಗೇ ಬಿಟ್ಟರೆ ಕಾಲು ನೆಟ್ಟಗೆ ಆಗುವುದಿಲ್ಲ, ಕುಂಟು ಉಳಿದುಬಿಡುತ್ತದೆ ಎಂದರು. ಈ ಸಲ ಪ್ರತಿ ಮಾತಿಗೂ ಕೈ ಕಾಲು ಆಡಿಸಿ ತೋರಿಸಿದರು. ಸಿಂಚನಳ ನಗು ನಿಂತಿತು.

ನಮ್ಮ ಕನ್ನಡದ 'ಊರು' ಎಷ್ಟು ಒಳ್ಳೆಯ ಮಾತು ಎಂದು ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ಕಾಲು ಊರುತ್ತೇವೆ, ಕೋಲು ಊರುತ್ತೇವೆ, ಇರುವ ಜಾಗವನ್ನೂ ಊರು ಎನ್ನುತ್ತೇವೆ. ಇವೆಲ್ಲ ಒಂದೇ ಮಾತೋ ಬೇರೆಬೇರೆಯೋ, ಎಸ್ಸೆಸ್ಸೆಲ್ಸಿಯವರೆಗೆ ಓದಿದ ನನಗೆ ತಿಳಿಯದು. ಗೊತ್ತಿದ್ದವರು ಬೇರೆಬೇರೆ ಎಂದರೆ ಬೇಸರವಾಗುತ್ತದೆ, ಅದಕ್ಕೇ ಯಾರನ್ನೂ ಕೇಳಿಲ್ಲ.

ಆದರೆ ಊರು ಎಂದರೆ ಮಗಳು ಊರಬೇಕಲ್ಲ. ಈಗ ಅವಳು ಒಪ್ಪಲಿಲ್ಲ. ನಾನು ಅಷ್ಟು ದಿನ ಕೂಗಿದ್ದು ಅವಳ ಮಂಡಿಯೊಳಗೆ ಹೋಗಿ ಕೂತಿತ್ತು. ಮಂಚದ ಅಂಚಿಗೆ ಬರುತ್ತಾಳೆ, ಪಾದ ಇಳಿಸುತ್ತಾಳೆ, ನೆಲ ಬಿಸಿ ಕಾವಲಿಯೋ ಎಂಬಂತೆ ಎತ್ತಿಕೊಳ್ಳುತ್ತಾಳೆ. "ಮುರ್ದೋಯ್ತದೆ ಕಣವ್ವ" ಎನ್ನುತ್ತಾಳೆ. ಏನೂ ಆಗಲ್ಲ ಎಂದು ನಾನು ಹೇಳಲಾರೆ. ಏನೂ ಆಗಲ್ಲ ಎಂದು ಹೇಳಿ ಹೋದವರ ಫೋಟೋ ಗೋಡೆಯ ಮೇಲಿದೆ. ಹೀಗೆ ಅವಳು ಒಂದು ಕಾಲೆತ್ತಿಕೊಂಡು, ನಾನು ಬಾಯಿ ಮುಚ್ಚಿಕೊಂಡು ಮತ್ತಷ್ಟು ದಿನ ಕಳೆದೆವು. ಮೇಡಂ ಫೋನ್ ಮಾಡಿ "ಕುತ್ತಿಯೋ?" ಎಂದು ಕೇಳಿದರೆ ನಾನು ಫೋನನ್ನು ಅವಳ ಕೈಗೆ ಕೊಡುತ್ತಿದ್ದೆ, ಅವಳು ನನ್ನ ಕೈಗೆ.

ಮೊನ್ನೆ ಸಂಜೆ ಅವಳ ತಂಡದ ಹುಡುಗಿಯರು ಬಂದು ಹೋದರು. ಹೋದ ಮೇಲೆ ಸಿಂಚನ, "ಮುಂದ್ಲೊರ್ಸ ನಾನೂ ಟೀಮಲ್ಲಿರ್ತೀನಿ ಅಂತ ಹೇಳ್ದೆ" ಎಂದಳು.

ನಾನು ಮಿಷನ್ ಮುಂದೆ ಅವಳಿಗೆ ಬೆನ್ನು ಹಾಕಿ ಕೂತಿದ್ದೆ. "ಇನ್ನು ಕಬಡ್ಡಿ ಗಿಬಡ್ಡಿ ಒಂದೂ ಇಲ್ಲ" ಎಂದೆ.

"ಆಡೇ ಆಡ್ತೀನಿ."

"ನೆಲಕ್ಕೆ ಕಾಲೂರಕ್ಕೆ ಅಳ್ತೀಯ, ಕಬಡ್ಡಿ ಆಡ್ತಾಳಂತೆ!"

"ಅಪ್ಪ ಇದ್ದಿದ್ರೆ ಆಡುಸೋರು."

ಆ ಮಾತನ್ನು ಈ ಒಂದು ವರ್ಷದಲ್ಲಿ ನಾವಿಬ್ಬರೂ ಆಡಿರಲಿಲ್ಲ. ಇಬ್ಬರೂ ಅದರ ಸುತ್ತ ಬಳಸಿಕೊಂಡೇ ಓಡಾಡುತ್ತಿದ್ದೆವು. "ಇದ್ದಿದ್ರೆ ತಾನೆ? ಇಲ್ವಲ್ಲ!" ಎಂದುಬಿಟ್ಟೆ. ಎಂದೂ ಅಷ್ಟು ಜೋರಾಗಿ ಮಾತಾಡಿದವಳಲ್ಲ. ಹಿಂದೆ ತಿರುಗದೆ ಮಿಷನ್ ತುಳಿಯುತ್ತ ಹೋದೆ. ಬೈಯುತ್ತಲೂ ಹೋದೆ, ಅವಳನ್ನಲ್ಲ, ಹೋದವರನ್ನು: ಬೂದಿಯಲ್ಲಿ ಗೆರೆ ಎಳೆದು ಹುಚ್ಚು ಹಿಡಿಸಿ ಹೋದರು, ಅನುಭವಿಸುವವರು ನಾವು. ಎದೆ ಉಜ್ಜಿಕೊಂಡು ಹೊರಡಬೇಡಿ ಎಂದರೆ ಕೇಳಿದರಾ? ಅಷ್ಟರಲ್ಲಿ ಬಾಗಿಲು ಧಡಾರನೆ ಹಾಕಿಕೊಂಡಿತು.

ತಿರುಗಿ ನೋಡಿದರೆ ಮಂಚ ಖಾಲಿ. ಊರುಗೋಲು ಮಾತ್ರ ಗೋಡೆಗೆ ಒರಗಿಕೊಂಡಿತ್ತು.

ಕಿಟಕಿಯಲ್ಲಿ ಇಣುಕಿದೆ. ಹೊಸ್ತಿಲು ದಾಟಿ, ಜಗುಲಿಯ ಮೆಟ್ಟಿಲನ್ನೂ ಇಳಿದು, ಅಂಗಳದ ಕಲ್ಲಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದಾಳೆ. ಎರಡು ಪಾದವೂ ನೆಲದ ಮೇಲಿದ್ದವು. ಸಿಟ್ಟಿನಲ್ಲಿ ತಾನೇನು ಮಾಡಿದೆ ಎಂಬುದು ಅವಳಿಗಿನ್ನೂ ಗೊತ್ತಾಗಿರಲಿಲ್ಲ. ಗೊತ್ತಾದರೆ ಹೆದರುತ್ತಾಳೆಂದು ನಾನು ಕಿಟಕಿಯಿಂದ ಮೆಲ್ಲನೆ ಸರಿದು ಮತ್ತೆ ಮಿಷನ್ ಮುಂದೆ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಹೊರಗಿನಿಂದ ದನಿ ಬಂತು. "ಅವ್ವಾ, ಕೋಲು ತಕಬಾ."

"ತಡಿಯವ್ವ, ದಾರ ಸಿಕ್ಕಾಕಂಡದೆ."

"ಅವ್ವಾ! ಸೊಳ್ಳೆ ಕಚ್ತಾವೆ ಕಣವ್ವ!"

"ಬಂದೆ ಇರು ಅಂದ್ನಲ್ಲ."

ದಾರ ಸಿಕ್ಕಿಕೊಂಡಿರಲಿಲ್ಲ. ಮಿಷನ್ನಿಗೆ ದಾರವನ್ನೇ ಪೋಣಿಸಿರಲಿಲ್ಲ, ಬೈಯುವ ಭರದಲ್ಲಿ ಅಷ್ಟುದ್ದ ಬರೀ ಸೂಜಿ ಓಡಿಸಿದ್ದೆ. ಮುಂದಿನ ವರ್ಷದ ಕಬಡ್ಡಿಯ ಮಾತು ಇನ್ನೂ ತೀರ್ಮಾನವಾಗಿಲ್ಲ. ಅವಳೇ ಗೆಲ್ಲುತ್ತಾಳೆ ಎಂದು ಕಾಣುತ್ತದೆ. ನಾನು ಕೈ ಕಟ್ಟಿ ಕೂತು ಕೇಳುತ್ತಿದ್ದೆ. ನನ್ನನ್ನು ಬೈದುಕೊಳ್ಳುತ್ತ, ಒಂದೊಂದು ಹೆಜ್ಜೆಗೂ ಒಂದೊಂದು ಬೈಗುಳ ಸೇರಿಸುತ್ತ, ಆ ದನಿ ಬಾಗಿಲಿನ ಹತ್ತಿರಕ್ಕೆ ಬರುತ್ತಿತ್ತು.